ಪೂಜೆ ಮಾಡಿಸಿಕೊಂಡ ಎಂಜಿನ್

ಕುರುಗೋಡಿನ ನಮ್ಮ ಓಣಿಯಲ್ಲಿ ಆಗ ಕಾರೆಂದರೆ ನಮ್ಮದೊಂದೇ. ಹಾಗೆಂದು ನಾವು ಸಾಹುಕಾರರಲ್ಲ. ಅಪ್ಪ ಸಿರುಗುಪ್ಪದ ಭತ್ತದ ಗಿರಣಿಯ ಮಾಲೀಕರೊಬ್ಬರ ಹತ್ತಿರ ಡ್ರೈವರಾಗಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಮಾಲೀಕರು ಹೊಸ ಕಾರು ತಂದರು. ಹಳೆಯದನ್ನು ಅಪ್ಪ ತೆಗೆದುಕೊಂಡು ಬಾಡಿಗೆಗೆ ಓಡಿಸತೊಡಗಿದರು. ಅದರ ಮೇಲೆ ಅವರಿಗಿದ್ದ ಅಕ್ಕರೆ ಕಂಡು ಅವ್ವ, "ನನ್ನ ಸವತಿಗೆ ಸ್ನಾನ ಆತೇನ್ರೀ?" ಎಂದು ಕಾಡುತ್ತಿದ್ದಳು.

ಆ ವರ್ಷ ಅಕ್ಕ ಚೊಚ್ಚಿಲ ಹೆರಿಗೆಗೆಂದು ಸಿರುಗುಪ್ಪದ ಗಂಡನ ಮನೆಯಿಂದ ಬಂದಿದ್ದಳು. ನನಗಿಂತ ಎರಡೇ ವರ್ಷ ದೊಡ್ಡವಳು. ಕೈಕಾಲು ಬಾತುಕೊಂಡಿದ್ದವು, ಮುಖ ಬಿಳಿಚಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಬಳ್ಳಾರಿಯ ಆಸ್ಪತ್ರೆಗೆ ಓಡಬೇಕಾದರೆ ಕಾರು ಕೈಕೊಡಬಾರದೆಂದು ಅಪ್ಪ ದಸರೆಯ ಮುಂಚೆ ಎಂಜಿನ್ ಬಿಚ್ಚಿ ಹರವಿದರು. ವಾಲ್ವುಗಳನ್ನು ತಾವೇ ಉಜ್ಜಿದರು, ತಾವೇ ಕೂರಿಸಿದರು. ಬಳ್ಳಾರಿಯ ಮೇಸ್ತ್ರಿಗೆ ತೋರಿಸಿ ಎಂದರೆ, "ನನ್ನ ಗಾಡಿ ನಾಡಿ ನನಗ ಗೊತ್ತೈತಿ" ಎಂದರು. ಜೋಡಿಸಿದ ಮೇಲೆ ಎಂಜಿನ್ ಒಳ್ಳೆಯ ಸದ್ದಿನಲ್ಲೇ ಎದ್ದಿತು. ಅಕ್ಕನೂ ಬಾಗಿಲಿಗೆ ಬಂದು ನಿಂತು ಕೇಳಿ ನಕ್ಕಳು.

ಮರುದಿನ ಆಯುಧಪೂಜೆ. ಸುತ್ತಿಗೆ, ಪಾನಾ, ಜಾಕುಗಳನ್ನೆಲ್ಲ ತೊಳೆದು ಸಾಲಾಗಿ ಇಟ್ಟೆವು. ಅಪ್ಪ ಶಿವಭಕ್ತರು, ಯಾವುದನ್ನೂ ಅರೆಬರೆ ಮಾಡಿದವರಲ್ಲ. ಎಲ್ಲರೂ ಕಾರಿನ ಮೂತಿಗೆ ವಿಭೂತಿ ಹಚ್ಚಿದರೆ ಅವರು ಬಾನೆಟ್ ಎತ್ತಿ ಒಳಗೂ ಹಚ್ಚಿದರು. ಒಡೆದ ಕಾಯಿಯ ನೀರಲ್ಲೇ ವಿಭೂತಿ ಕಲಸಿ, ಎಂಜಿನ್ನಿನೊಳಗೆ ಕಿಡಿ ಹಾರಿಸುವ ನಾಲ್ಕೂ ಪ್ಲಗ್ಗುಗಳ ಬಿಳಿ ಪಿಂಗಾಣಿಯ ಕತ್ತಿಗೆ ದಪ್ಪಗೆ ಬಳಿದು, ಮೇಲೊಂದು ಕುಂಕುಮದ ಬೊಟ್ಟು ಇಟ್ಟರು. ಪೂಜೆಯ ಗುರುತು ತಾನಾಗಿ ಹೋಗಬೇಕು, ನಾವಾಗಿ ಒರೆಸಬಾರದು ಎನ್ನುವುದು ನಮ್ಮ ಮನೆಯ ಕಟ್ಟಳೆ. ರಾತ್ರಿಯೆಲ್ಲ ಜಿಟಿಜಿಟಿ ಮಳೆ ಹಿಡಿಯಿತು.

ಬೆಳಿಗ್ಗೆ ಅಕ್ಕನಿಗೆ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಮೇಲಾಗಿ ಮೈ ಸೆಟೆದುಕೊಂಡಿತು. ಸೂಲಗಿತ್ತಿ ಹೊರಗೆ ಬಂದು, "ಇದು ನನ್ನ ಕೈಲಿ ಆಗೂದಲ್ಲ. ಬಳ್ಳಾರಿಗೆ ಒಯ್ರಿ, ತಡ ಮಾಡಬ್ಯಾಡ್ರಿ" ಎಂದಳು.

ಅಪ್ಪ ಹ್ಯಾಂಡಲ್ ಹೊಡೆದರು. ಎಂಜಿನ್ ಎದ್ದಿತು; ಆದರೆ ಚಳಿಜ್ವರ ಬಂದವರ ಹಾಗೆ ಇಡೀ ಕಾರು ನಡುಗತೊಡಗಿತು. ಕೆಮ್ಮಿತು, ಹೊಗೆ ಕಾರಿತು, ಗೇರಿಗೆ ಹಾಕಿದೊಡನೆ ಸತ್ತಿತು. ಮಗ್ಗುಲ ಮನೆಯ ರೈತ ಓಡಿಬಂದ.

"ಎತ್ತು ಹೂಡ್ಲೇನ್ರೀ ಅಣ್ಣಾರ?"

"ಎತ್ತಿನ ಬಂಡ್ಯಾಗ ಹೊತ್ತು ಮುಳುಗಿದ್ರೂ ಮುಟ್ಟಾಂಗಿಲ್ಲ. ತಡಿ, ಇದು ಈಗ ಸರಿಹೋಗತೈತಿ."

ಆ "ಈಗ" ಎನ್ನುವ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಬಂಡಿ ಹೂಡಿದ್ದರೆ ಅಕ್ಕ ಬದುಕುತ್ತಿದ್ದಳೆಂದು ನಾನು ಹೇಳಲಾರೆ. ಆದರೆ ಹೊರಟಾದರೂ ಇರುತ್ತಿದ್ದೆವು.

ನನ್ನನ್ನು ಸೀಟಿನಲ್ಲಿ ಕೂರಿಸಿ ಆಕ್ಸಿಲರೇಟರ್ ಒತ್ತಿ ಹಿಡಿಯಲು ಹೇಳಿ, ಅಪ್ಪ ಓಡುವ ಎಂಜಿನ್ನಿನ ಪ್ಲಗ್ಗುಗಳ ತಂತಿಯನ್ನು ಒಂದೊಂದಾಗಿ ಎಳೆದು ನೋಡಿದರು. ಕೆಲಸ ಮಾಡುವ ಪ್ಲಗ್ಗಿನ ತಂತಿ ತೆಗೆದರೆ ಸದ್ದು ಕುಗ್ಗುತ್ತದೆ. ಎರಡರ ತಂತಿ ತೆಗೆದರೆ ಏನೂ ಆಗಲಿಲ್ಲ. ಆ ಪ್ಲಗ್ಗುಗಳನ್ನು ಬಿಚ್ಚಿ, ತಂತಿ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಹಿಡಿದರು. ಹೊರಗೆ ಕಿಡಿ ಚೆನ್ನಾಗಿಯೇ ಹಾರಿತು. ಹಾಗಾದರೆ ತಪ್ಪು ತಮ್ಮದೇ, ವಾಲ್ವು ಸರಿಯಾಗಿ ಕೂತಿಲ್ಲ ಎಂದುಕೊಂಡರು. ಹ್ಯಾಂಡಲ್ಲನ್ನು ಮೆಲ್ಲಗೆ ತಿರುವಿ ಒತ್ತಡ ನೋಡಿದರು, ಇತ್ತು. ಆದರೂ ಸಂಶಯ ಹೋಗದೆ ಮತ್ತೆ ಬಿಚ್ಚಿದರು, ಮತ್ತೆ ಜೋಡಿಸಿದರು. ಇಷ್ಟೆಲ್ಲ ಮಾಡುವಾಗಲೂ ಪ್ಲಗ್ಗಿನ ಮೇಲಿನ ವಿಭೂತಿ ಅಳಿಯದ ಹಾಗೆ ಬುಡದಲ್ಲೇ ಹಿಡಿಯುತ್ತಿದ್ದರು. ಒಳಗಿನಿಂದ ಅಕ್ಕನ ದನಿ ಬರುತ್ತಲೇ ಇತ್ತು. ಅವ್ವ ಬಾಗಿಲಿಗೆ ಬಂದು ನೋಡುವಳು, ಮತ್ತೆ ಒಳಗೆ ಹೋಗುವಳು.

ಮೋಡ ಕವಿದು ಸಂಜೆಗೆ ಮುಂಚೆಯೇ ಕತ್ತಲಾಯಿತು. ಬಾನೆಟ್ಟಿನ ಕೆಳಗಿನ ಆ ಕತ್ತಲಲ್ಲೇ ಅಪ್ಪನಿಗೆ ಕಂಡಿತು. ಪ್ಲಗ್ಗಿನ ಕತ್ತಿನ ಮೇಲೆ, ಹಸಿ ವಿಭೂತಿಯ ಪಟ್ಟೆಯ ಗುಂಟ, ನೀಲಿ ಕಿಡಿಯೊಂದು ಹರಿದು ಕೆಳಗಿಳಿಯುತ್ತಿತ್ತು. ಬಿಚ್ಚಿ ಹೊರಗೆ ಹಿಡಿದಾಗ ತುದಿಯಲ್ಲಿ ಸಲೀಸಾಗಿ ಹಾರಿದ ಕಿಡಿ, ಎಂಜಿನ್ನಿನ ಒಳಗಿನ ಒತ್ತಡದಲ್ಲಿ ಹಾರಲಾರದೆ ಈ ಹಸಿ ಹಾದಿ ಹಿಡಿದಿತ್ತು. ಒಳಗೆ ಹೋಗಬೇಕಾದ ಬೆಂಕಿ ಹೊರಗೇ ಸೋರಿಹೋಗುತ್ತಿತ್ತು.

ಅಪ್ಪ ಎಂಜಿನ್ ನಿಲ್ಲಿಸಿದರು. "ಶಿವನೇ" ಎಂದು ಒಂದು ಸಲ ಅಂದರು. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು ನಾಲ್ಕೂ ಪ್ಲಗ್ಗುಗಳನ್ನು ಗಸಗಸ ತಿಕ್ಕಿ ಒರೆಸಿದರು. ಅಷ್ಟೇ ರಿಪೇರಿ. ಹ್ಯಾಂಡಲ್ ಹೊಡೆದ ಕೂಡಲೇ ಎಂಜಿನ್ ಎದ್ದು ಒಂದೇ ಸಮನೆ ಓಡತೊಡಗಿತು.

ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ಅವ್ವನ ತೊಡೆಯ ಮೇಲಿತ್ತು, ಕಾಲು ನನ್ನ ತೊಡೆಯ ಮೇಲೆ. ಆ ಹಾಳು ರಸ್ತೆಯಲ್ಲಿ ಕಾರು ಅಷ್ಟು ಚೆನ್ನಾಗಿ ಹೋದದ್ದನ್ನು ನಾನು ಮುಂಚೆ ಕಂಡಿರಲಿಲ್ಲ. ಬಳ್ಳಾರಿಯ ದೀಪಗಳು ಇನ್ನೂ ದೂರವಿದ್ದಾಗ ಅಕ್ಕನ ನರಳಾಟ ನಿಂತಿತು. ನೋವು ಇಳಿಯಿತೇನೋ ಎಂದು ನನಗೆ ಜೀವ ಬಂದ ಹಾಗಾಯಿತು. ಅವ್ವ ಬಗ್ಗಿ ಅಕ್ಕನ ಮೂಗಿಗೆ ಬೆರಳು ಹಿಡಿದಳು. ಬಹಳ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ನನ್ನ ಕಡೆ ನೋಡಿ, ಸುಮ್ಮನಿರು ಎಂದು ತಲೆಯಾಡಿಸಿದಳು.

ಅಪ್ಪ ಮುಂದಿನಿಂದಲೇ, ತಿರುಗಿ ನೋಡದೆ, ಹುರುಪಿನಿಂದ ಕೂಗಿದರು. "ಕೇಳಿದ್ಯೇನವಾ ಮಗಳ? ಹೆಂಗ ಹೊಂಟೈತಿ ನೋಡು! ಇನ್ನ ಹೆದರಬ್ಯಾಡ, ಬಳ್ಳಾರಿ ಬಂದ ಬಿಡತು."

ಅವ್ವ ಅಕ್ಕನ ಕಣ್ಣು ಮುಚ್ಚುತ್ತ ಹೇಳಿದಳು. "ಕೇಳ್ಯಾಳ್ರಿ. ನೀವು ಹಾದಿ ನೋಡ್ಕೊಂಡು ಸಾವಕಾಶ ನಡಸ್ರಿ."