ಎವರಿಸ್ತೊ ಕಡಿಯದ ಕಾಡುಬಾಳೆ

ನಮ್ಮ ಕಡೆ ಗಂಡಸಿನ ಯೋಗ್ಯತೆಯನ್ನು ಅವನು ಕಳೆ ಸವರಿದ ಜಾಗದಲ್ಲಿ ಉಳಿದ ಮೋಟು ನೋಡಿ ಅಳೆಯುತ್ತಾರೆ. ಎವರಿಸ್ತೊ ಮೂವತ್ತು ವರ್ಷದಲ್ಲಿ ಒಂದು ಮೋಟನ್ನೂ ಬಿಟ್ಟವನಲ್ಲ. ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡ ಮೇಲೆ, ಮಗಳು ಯೊರ್ಲೆನಿಯನ್ನು ಕಾಫಿಗಿಡಗಳ ನಡುವೆ ಗೋಣಿಚೀಲದ ತೊಟ್ಟಿಲಲ್ಲಿ ಮಲಗಿಸಿ, ಕಣ್ಣಳತೆ ಮೀರದಂತೆ ಮಚ್ಚು ಬೀಸುತ್ತಲೇ ಅವಳನ್ನು ದೊಡ್ಡವಳನ್ನಾಗಿ ಮಾಡಿದ.

ಆ ವರ್ಷ ನಮ್ಮೂರ ಕುಡಿಯುವ ನೀರಿನ ತೊಟ್ಟಿ ನೋಡಲು ರಾಜಧಾನಿಯಿಂದ ಅಧಿಕಾರಿ ಬರುವುದಿತ್ತು. ನೀರಿನ ಸಮಿತಿಯ ಅಧ್ಯಕ್ಷ, ನಾವೆಲ್ಲ ಮರ್ಯಾದೆಗೆ ದೋನ್ ಎಂದು ಕರೆಯುವ ಒಲ್ದೆಮಾರ್, ಭಾನುವಾರ ಊರನ್ನೆಲ್ಲ ತೊಟ್ಟಿಯ ಪಕ್ಕದ ಹೊಳೆದಂಡೆ ಸವರಲು ಕರೆದರು. ಮದುವೆಗೆ ಹಾಕುವ ಶರ್ಟು ತೊಟ್ಟು ಬಂದಿದ್ದರಿಂದ ತಾವು ಮಾತ್ರ ಮಚ್ಚು ಮುಟ್ಟಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ದಂಡೆ ಬೋಳಾಯಿತು. ಎವರಿಸ್ತೊನ ಪಾಲಿನಲ್ಲಿ, ನೀರಿನ ಮೇಲೆ ಬಾಗಿದ ಒಂದು ಕಾಡುಬಾಳೆ ಮಾತ್ರ ನಿಂತೇ ಇತ್ತು.

"ಏನೋ ಎವರಿಸ್ತೊ, ಮೊಂಡಾಗಿದ್ದು ಮಚ್ಚಾ, ಕೈಯಾ?" ಎಂದರು ದೋನ್ ಒಲ್ದೆಮಾರ್.

"ಎಲೆ ಕೆಳಗೆ ಗಾಜುಗಪ್ಪೆ ಕೂತಿದೆ, ದೋನ್. ಹೆಣ್ಣು ಮೊಟ್ಟೆ ಇಟ್ಟು ಹೋಯ್ತು. ಇವನು ಹಗಲೂ ರಾತ್ರಿ ಕಾಯ್ತಿದಾನೆ. ಕಣಜ ಬಂದ್ರೆ ಒದೀತಾನೆ."

"ಅಧಿಕಾರಿಗೆ ಏನ್ ಹೇಳ್ಲಿ? ನಮ್ಮೂರಲ್ಲಿ ಅಧ್ಯಕ್ಷನಿಗಿಂತ ಕಪ್ಪೆ ದೊಡ್ಡದು ಅಂತಲಾ?"

"ಅಳತೆ ನೀವೇ ನೋಡ್ಕೊಳ್ಳಿ, ದೋನ್."

ಜನ ನಕ್ಕರು. ಅಧ್ಯಕ್ಷರು ಪಕ್ಕದವನ ಮಚ್ಚು ಕಿತ್ತುಕೊಂಡರು. ಎವರಿಸ್ತೊ ತಡೆಯಲಿಲ್ಲ.

"ಕಡೀರಿ. ಒಂದ್ಸಲ ಬಗ್ಗಿ ನೋಡಿ ಕಡೀರಿ."

ಶರ್ಟು ಕೆಸರಾದರೂ ಅವರು ಬಗ್ಗಿದರು. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಪ್ಪೆ, ಅಧ್ಯಕ್ಷರ ಮುಖ ಕಂಡು ಮುಂಗಾಲೂರಿ ಎದೆಯೆತ್ತಿ ನಿಂತಿತು. ಆ ಎದೆಯ ಗಾಜಿನಂಥ ಚರ್ಮದಾಚೆ ಪುಟ್ಟ ಕೆಂಪು ಹೃದಯ ಬಡಿಯುತ್ತಿತ್ತು. ಪಕ್ಕದ ಮೊಟ್ಟೆಗಳ ಲೋಳೆಯೊಳಗೆ ಮರಿಗಳು ಆಗಲೇ ಬಾಲ ಆಡಿಸುತ್ತಿದ್ದವು. ಅವರು ಬಹಳ ಹೊತ್ತು ಏಳಲಿಲ್ಲ.

"ಎದೆ ಎಷ್ಟು ಹೊಡ್ಕೋತಿದೆ ಮಾರಾಯ."

"ಎದುರಿಗೆ ಮಚ್ಚು ಹಿಡ್ಕೊಂಡಿದೀರಲ್ಲ, ದೋನ್."

ಗುರುವಾರ ಅಧಿಕಾರಿ ಬಂದಾಗ, ಆ ಗಿಡ ಉಳಿಸಿದ್ದು ಸಮಿತಿಯ ಸರ್ವಾನುಮತದ ನಿರ್ಣಯವೆಂದು ಅಧ್ಯಕ್ಷರು ಅರ್ಧ ಗಂಟೆ ಭಾಷಣ ಮಾಡಿದರು. ಹಿಂದೆ ನಿಂತಿದ್ದ ಎವರಿಸ್ತೊ ಬಿಸಿ ಬೆಲ್ಲದ ನೀರು ಕುಡಿಯುತ್ತ ಎಲ್ಲದಕ್ಕೂ ತಲೆಯಾಡಿಸಿದ.

ಮುಂದಿನ ವಾರದ ಮಳೆಗೆ ಮರಿಗಳು ಒಂದೊಂದಾಗಿ ಹೊಳೆಗೆ ಜಾರಿದವು. ಬಾಕಿ ಉಳಿದ ಕೆಲಸ ಮುಗಿಸಲು ಎವರಿಸ್ತೊ ಮಚ್ಚು ಮಸೆದುಕೊಂಡು ಹೋದ. ದೋನ್ ಒಲ್ದೆಮಾರ್ ಆಗಲೇ ಅಲ್ಲಿ ಮಂಡಿಯೂರಿ ಕೂತಿದ್ದರು. ಎಲೆಯಡಿ ಅದೇ ಕಪ್ಪೆ. ಪಕ್ಕದಲ್ಲಿ ಹೊಸ ಮೊಟ್ಟೆ.

ಎವರಿಸ್ತೊ ಮಚ್ಚನ್ನು ಒರೆಗೆ ಸೇರಿಸಿದ.

"ಇವತ್ತೂ ಮೊಂಡು, ದೋನ್."