ಗೋಂದಪ್ಪನ ಅಂಟಿಲ್ಲದ ಚೆಂಡು

ಬೈಂಡಿಂಗ್ ಅಂಗಡಿಯ ಅವನನ್ನು ಬೀದಿಯವರೆಲ್ಲ ಗೋಂದಪ್ಪ ಎಂದೇ ಕರೆಯುತ್ತಿದ್ದರು. ಕಿತ್ತ ಚಪ್ಪಲಿಯಿರಲಿ, ಹಿಡಿ ಮುರಿದ ಕಪ್ಪಿರಲಿ, ಅವನಲ್ಲಿ ಒಂದೇ ಮದ್ದು, ಗೋಂದು. ಮನೆಯ ಗೋಂದಿನ ಡಬ್ಬಿ ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆಯ ಪಕ್ಕದಲ್ಲೇ ಇತ್ತು. ಅದನ್ನು ಅವನು ಕದಲಿಸಿದವನಲ್ಲ. ಮುರಿದ ವಸ್ತುವೇ ಅಲ್ಲಿಗೆ ಬರಬೇಕು. ಹೆಂಡತಿಗೆ ಆ ಡಬ್ಬಿ ಕಂಡರೆ ಮೈಯುರಿ.

ಒಮ್ಮೆ ಬೈಂಡಿಂಗ್‌ಗೆ ಬಂದ ಪುಸ್ತಕವೊಂದರಲ್ಲಿ ಕಾಗದದ ಚೆಂಡು ಕಟ್ಟುವ ವಿಧಾನವಿತ್ತು. ಒಂದೇ ಬಗೆಯಲ್ಲಿ ಮಡಚಿದ ಬಿಡಿ ತುಂಡುಗಳು. ಪ್ರತಿಯೊಂದಕ್ಕೂ ಕಿವಿಯಂಥ ಎರಡು ತುದಿ, ಜೇಬಿನಂಥ ಎರಡು ಸಂದು. ಇದರ ಕಿವಿಯನ್ನು ಅದರ ಜೇಬಿಗೆ ಸಿಕ್ಕಿಸಬೇಕು. ಗೋಂದು ಬೇಡವೇ ಬೇಡ.

"ಗೋಂದಿಲ್ದೆ ಒಂದು ಚೆಂಡು ಮಾಡಿ ತೋರಿಸಿ ರೀ," ಎಂದಳು ಹೆಂಡತಿ. "ಆಗ ಡಬ್ಬಿ ಇಲ್ಲೇ ಇರ್ಲಿ. ಆಗ್ಲಿಲ್ವೋ, ಅದು ಅಂಗಡಿಗೆ ಹೊರಡ್ಬೇಕು."

ಆರು ತುಂಡುಗಳ ಪುಟ್ಟ ಡಬ್ಬ ಸಲೀಸಾಗಿ ಕೂಡಿತು. ಗೋಂದಪ್ಪ ಉಬ್ಬಿಹೋದ. ಇದು ಬರೀ ಡಬ್ಬ, ಚೆಂಡೆಲ್ಲಿ ಎಂದಳು ಅವಳು. ಅವನು ಮೂವತ್ತು ತುಂಡುಗಳ ದೊಡ್ಡ ಚೆಂಡಿಗೇ ಕೈ ಹಾಕಿದ. ಸೋಲುವವರ ಮೇಲೆ ಕರುಣೆ ಇರಬೇಕೆಂದು ಅವಳೂ ಎದುರು ಕೂತು ಅರ್ಧದಷ್ಟು ಮಡಚಿಕೊಟ್ಟಳು.

ಜೋಡಿಸಲು ಹೋದರೆ ರಗಳೆ. ಕೆಲವು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಸರಾಗ. ಕೆಲವು ಮುನಿಸಿಕೊಂಡ ಬೀಗರಂತೆ ಮುಖ ತಿರುಗಿಸಿದವು. ಮತ್ತೆ ಮತ್ತೆ ಎಲ್ಲ ಕಳಚಿ ಬಿದ್ದವು. ಕೊನೆಗೆ ಒಂದು ತುಂಡು ಹಿಡಿದು ಮೆಲ್ಲಗೆ ಕಪಾಟಿನತ್ತ ನಡೆದ. ಒಂದೇ ಒಂದು ಹನಿ, ಯಾರಿಗೆ ತಿಳಿಯುತ್ತದೆ?

ಹೆಂಡತಿ ಅಲ್ಲೇ ಈರುಳ್ಳಿ ಹೆಚ್ಚುತ್ತಿದ್ದಳು. ಚಾಕು ಎಡಗೈಯಲ್ಲಿತ್ತು. ಮದುವೆಯಾದಾಗಿನಿಂದ ಕಂಡದ್ದೇ, ಆದರೆ ಇವತ್ತು ಕಾಲು ನಿಂತಿತು. ಓಡಿಹೋಗಿ ತಾನು ಮಡಚಿದ ಒಂದು, ಅವಳು ಮಡಚಿದ ಒಂದು ತುಂಡನ್ನು ಪಕ್ಕಪಕ್ಕ ಇಟ್ಟ. ಕನ್ನಡಿಯ ಆಚೆ ಈಚೆ ಇದ್ದಂತೆ, ಒಂದರ ಮಡಿಕೆಯ ಓರೆ ಬಲಕ್ಕೆ, ಇನ್ನೊಂದರದು ಎಡಕ್ಕೆ. ಇದರ ಕಿವಿ ಅದರ ಜೇಬಿಗೆ ಹೊಗುವುದಾದರೂ ಹೇಗೆ?

"ತಪ್ಪು ಯಾರದೂ ಅಲ್ಲ ಕಣೇ. ನೀನು ಎಡಚಿ!"

"ಈಗ ಗೊತ್ತಾಯ್ತಾ?"

ಅವನವು, ಅವಳವು ಎಂದು ತುಂಡುಗಳನ್ನು ಬೇರ್ಪಡಿಸಿದರು. ಒಂದು ದೊಡ್ಡ ಚೆಂಡಿನ ಬದಲು, ಹನ್ನೆರಡು ಹನ್ನೆರಡರ ಎರಡು ಚಿಕ್ಕ ಚೆಂಡುಗಳಾದವು, ಆರು ತುಂಡು ಮಿಕ್ಕವು. ಎರಡೂ ಗಟ್ಟಿ. ಪಂಥ ಗೆದ್ದ ಗೋಂದಪ್ಪ, ಕಪಾಟಿನಲ್ಲಿ ಅವಳ ಚೆಂಡಿಗೆ ಜಾಗ ಮಾಡಲೆಂದು ತಾನಾಗಿಯೇ ಡಬ್ಬಿ ಎತ್ತಲು ಹೋದ. ಅದು ಅಲುಗಲಿಲ್ಲ. ಇಷ್ಟು ವರ್ಷ ಸೋರಿದ ಗೋಂದು ಅದನ್ನು ಕಪಾಟಿಗೇ ಅಂಟಿಸಿತ್ತು.

ಹೆಂಡತಿ ನಕ್ಕು ನಕ್ಕು ಸುಸ್ತಾಗಿ, ಸಕ್ಕರೆಯನ್ನು ಎತ್ತಿ ಬೇರೆ ಕಡೆ ಇಟ್ಟು, ಆ ಜಾಗದಲ್ಲಿ ಚೆಂಡನ್ನು ಕೂರಿಸಿದಳು.