ಗುರುದೇವಿ ಸುತ್ತಿದ ದಾರ

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಆಲದ ಮರ ಎಲ್ಲಿಂದ ಬರಬೇಕು? ಕಾರ ಹುಣ್ಣಿಮೆ ಬಂದರೆ ಗುರುದೇವಿ ಮನೆ ಮುಂದಿನ ಎಳೆಯ ಮೇಪಲ್ ಗಿಡವನ್ನೇ ಆಲ ಎಂದುಕೊಂಡು, ಗಂಡನ ಆಯುಷ್ಯ ಬೇಡುತ್ತ ಏಳು ಸುತ್ತು ನೂಲು ಸುತ್ತುತ್ತಿದ್ದಳು. ಹಿಮ ಬೀಳುವ ಹೊತ್ತಿಗೆ ನೂಲು ಕೊಳೆತು ತಾನೇ ಉದುರುತ್ತಿತ್ತು. ಕೊನೆಯ ವರ್ಷ ಮನೆಯಲ್ಲಿ ನೂಲು ಇರಲಿಲ್ಲ. ಗಂಡ ರೇವಣಪ್ಪ ಗ್ಯಾರೇಜಿನಿಂದ ನೈಲಾನ್ ದಾರ ತಂದುಕೊಟ್ಟರು. ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಮೂವತ್ತು ವರ್ಷ ದುಡಿದ ಎಂಜಿನಿಯರ್. ಯಾವುದು ಎಷ್ಟು ಗಟ್ಟಿ ಎಂಬುದೊಂದೇ ಅವರಿಗೆ ಗೊತ್ತಿದ್ದ ಶಾಸ್ತ್ರ. "ಇದು ಹರಿಯಂಗಿಲ್ಲ ನೋಡು," ಎಂದು ಬೀಗಿದ್ದರು.

ಆ ಚಳಿಗಾಲದಲ್ಲೇ ಗುರುದೇವಿ ತೀರಿಕೊಂಡಳು. ದಾರ ಉಳಿಯಿತು. ಅದನ್ನು ಮುಟ್ಟುವ ಧೈರ್ಯ ರೇವಣಪ್ಪನವರಿಗೆ ಬರಲಿಲ್ಲ. ಯಾರೊಂದಿಗೂ ಒಂದು ಮಾತಿಲ್ಲದ ದಿನಗಳಲ್ಲಿ ಕಿಟಕಿಯಿಂದ ಅದನ್ನೇ ನೋಡುತ್ತ ಚಹಾ ಕುಡಿಯುತ್ತಿದ್ದರು.

ಮೂರನೆಯ ಬೇಸಿಗೆಗೆ ಗಿಡದ ತುದಿ ಒಣಗತೊಡಗಿತು. ದಿನವೂ ನೀರು ಸುರಿದರು, ಊರಿನಲ್ಲಿ ಮಾಡುವಂತೆ ಬುಡಕ್ಕೆ ಮಣ್ಣು ಏರಿಸಿದರು. ಗಿಡ ಇನ್ನಷ್ಟು ಬಾಡಿತು. ಅದೂ ಹೋದರೆ ತಮಗೆ ಇನ್ನೇನು ಉಳಿಯಿತು ಎಂದು ಹೆದರಿ, ಪಕ್ಕದೂರು ನಾರ್ತ್‌ವಿಲ್‌ನಲ್ಲಿದ್ದ ಪರಿಚಯದ ಪದ್ಮಳಿಗೆ ಫೋನ್ ಮಾಡಿದರು. ಮೈಸೂರಿನವಳು, ಗಿಡಗಳ ನರ್ಸರಿಯಲ್ಲಿ ಕೆಲಸ. ಬಂದವಳು ಮೊದಲು ಬುಡದ ಮಣ್ಣನ್ನು ಸರಿಸಿದಳು, ಆಮೇಲೆ ಕಾಂಡ ಸವರಿ ನೋಡಿದಳು.

"ಅಂಕಲ್, ಈ ದಾರ ಗಿಡದ ಕುತ್ತಿಗೆ ಹಿಸುಕ್ತಿದೆ. ಕಟ್ ಮಾಡ್ಲೇಬೇಕು. ಇಲ್ಲಾಂದ್ರೆ ಗಿಡ ಉಳಿಯಲ್ಲ."

"ಅದು ಆಕಿ ಕಟ್ಟಿದ್ದು, ತಂಗಿ."

ಪದ್ಮ ಕತ್ತರಿಯನ್ನು ಅವರ ಕೈಗೇ ಕೊಟ್ಟಳು. "ಕಾಣಿಸೋದನ್ನ ಮಾತ್ರ ಕತ್ತರಿಸಿ. ತೊಗಟೆ ಒಳಗೆ ಹೋಗಿರೋದನ್ನ ಎಳೀಬೇಡಿ. ಇನ್ಮೇಲೆ ಇದಕ್ಕೆ ಏನೂ ಸುತ್ತಬೇಡಿ. ವಾರಕ್ಕೊಂದ್ಸಲ ನಿಧಾನವಾಗಿ ನೀರು ಬಿಡಿ, ಸಾಕು."

ತಮ್ಮ ಆಯುಷ್ಯಕ್ಕೆಂದು ಕಟ್ಟಿದ್ದನ್ನು ರೇವಣಪ್ಪ ತಾವೇ ಒಂದೊಂದು ಸುತ್ತಾಗಿ ಕತ್ತರಿಸಿದರು. ಗಟ್ಟಿ ದಾರ ತಂದುಕೊಟ್ಟವರೂ ತಾವೇ ಎಂಬುದು ನೆನಪಾಗಿ ಅಳು ಬಂತು.

ಮರುವರ್ಷ ಒಣಗಿದ ತುದಿಯ ಕೆಳಗೆ ಚಿಗುರು ಒಡೆಯಿತು. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕಾರ ಹುಣ್ಣಿಮೆಯ ಬೆಳಿಗ್ಗೆ ಪೈಪು ಹಿಡಿದು, ಬುಡದ ಸುತ್ತ ನೀರು ಬಿಡುತ್ತ, ಗುರುದೇವಿಗೇ ಅದನ್ನೆಲ್ಲ ಹೇಳುತ್ತ ನಡೆದರು. ನಿಂತು ನೋಡಿದರೆ ಹಸಿರು ಪೈಪು ಕಾಂಡಕ್ಕೆ ಮೂರು ಸುತ್ತು ಬಿದ್ದಿತ್ತು.

"ನಿನ್ನ ಬುದ್ಧಿ ನನಗೂ ಬಂತು ನೋಡು," ಎಂದು ನಕ್ಕರು. ಸ್ವಲ್ಪ ಹೊತ್ತು ಹಾಗೆಯೇ ಬಿಟ್ಟರು. ಆಮೇಲೆ, ಗಿಡಕ್ಕೆ ಒತ್ತದಂತೆ, ಒಂದೊಂದೇ ಸುತ್ತು ಹಿಂದಕ್ಕೆ ನಡೆದು ಬಿಚ್ಚಿದರು.